ಸಮುದ್ರದ ಮನೆಗೆ ಒಯ್ದ ಉಡಿ

ಹಿತ್ತಲ ಒಲೆಯ ಮೇಲಿನ ರೊಟ್ಟಿ ಇನ್ನೇನು ಉಬ್ಬಬೇಕು ಅನ್ನುವಷ್ಟರಲ್ಲಿ ಫೋನು ಬಡಿದುಕೊಂಡಿತು. ಕೈತುಂಬ ಜೋಳದ ಹಿಟ್ಟು. ಕಿರುಬೆರಳಿನಿಂದ ಒತ್ತಿ, ಸ್ಪೀಕರ್ ಮಾಡಿ, ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ ಮುಂದಿನ ರೊಟ್ಟಿ ಬಡಿಯತೊಡಗಿದೆ. ಮಾತಾಡಿದವಳು ನಾದಿನಿ. ಯಾದಗಿರಿಯಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾಳೆ. ಅವಳು ಬೆಳಗಿನ ಹೊತ್ತು ಫೋನು ಮಾಡಿದಳೆಂದರೆ ಏನೋ ಒಂದು ಮಾಡಿಟ್ಟಿದ್ದಾಳೆ ಎಂದೇ ಅರ್ಥ.

"ವೈನಿ, ಕುಂತೀರೋ ನಿಂತೀರೋ?"

"ಒಲಿ ಮುಂದ ಕುಂತೀನಿ. ಹೇಳು."

"ಹಂಗಾದ್ರ ಗಟ್ಟಿ ಕುಂದರ್ರಿ. ನಿಮ್ಮ ಮನಿ ಕೊಟ್ಟುಬಿಟ್ಟೀನಿ."

"ಯಾರಿಗವ್ವಾ?"

"ಸಮುದ್ರದ ದಂಡಿ ಮ್ಯಾಲಿನವರಿಗೆ. ಅವರ ಮನಿ ನಿಮಗ, ನಿಮ್ಮ ಮನಿ ಅವರಿಗೆ. ಒಂದು ವಾರ."

ರೊಟ್ಟಿ ಉಬ್ಬಿ, ಕಪ್ಪಾಗಿ, ಹೊಗೆ ಬಿಟ್ಟಿತು. ಪಡಸಾಲೆಯಲ್ಲಿ ಜಪಕ್ಕೆ ಕೂತಿದ್ದ ಅತ್ತೆಯ ಮೂಗು ಜಪದಲ್ಲಿರಲಿಲ್ಲ.

"ರೊಟ್ಟಿ ಸೀದು ಹೋತೇನು? ಸೀಯಲಿ ಬಿಡು. ಹರಕಿ ತೀರಸಲಾರದ ಮನ್ಯಾಗ ಇನ್ನೇನಾಗ್ತದ!"

ನಮ್ಮ ಮನೆಯಲ್ಲಿ ಅದು ದಿನದ ಮಾತಾಗಿತ್ತು. ಹಾಲು ಒಡೆದರೆ ಹರಕೆ, ಕರೆಂಟು ಹೋದರೆ ಹರಕೆ, ಶಹಾಪುರದ ಪೇಟೆಯಲ್ಲಿರುವ ನಮ್ಮ ಬಟ್ಟೆ ಅಂಗಡಿಗೆ ಮಧ್ಯಾಹ್ನ ಗಿರಾಕಿ ಬರದಿದ್ದರೂ ಹರಕೆ. ಆ ಹರಕೆಯ ಸಂಗತಿ ಹೇಳಿಯೇ ಮುಂದೆ ಹೋಗಬೇಕು.

ಅತ್ತೆ ತಿಂಥಣಿಯ ಮಗಳು. ಕೃಷ್ಣೆಯ ದಂಡೆಯಲ್ಲಿ ಆಡಿ ಬೆಳೆದವರು. ಹೊಳೆಯನ್ನು ಅವರು ಹೊಳೆ ಅನ್ನುವುದಿಲ್ಲ, ಗಂಗವ್ವ ಅನ್ನುತ್ತಾರೆ; ಅದೂ ದೇವಿಯನ್ನು ಕರೆದ ಹಾಗಲ್ಲ, ಮದುವೆಯಾದ ಮಗಳನ್ನು ಕರೆದ ಹಾಗೆ. ವರ್ಷಕ್ಕೊಮ್ಮೆ ಮೌನೇಶ್ವರನ ದರ್ಶನ ಮಾಡಿ ಹೊಳೆಗೆ ಉಡಿ ತುಂಬುತ್ತಾರೆ. ಬಿದಿರಿನ ಬುಟ್ಟಿಯಲ್ಲಿ ಹಸಿರು ಕುಪ್ಪಸದ ಖಣ ಹಾಸಿ, ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಉತ್ತತ್ತಿ, ಅರಿಷಿಣದ ಬೇರು ಇಟ್ಟು, ಜೊತೆಗೆ ಒಂದಿಷ್ಟು ಬುತ್ತಿಯನ್ನೂ ಕಟ್ಟಿ ನೀರಿಗೆ ಬಿಡುವುದು. ಬುಟ್ಟಿ ತೇಲುತ್ತ ಕಣ್ಣಿಗೆ ಮರೆಯಾಗುವ ತನಕ ಯಾರೂ ಹಿಂದಿರುಗಿ ನಡೆಯುವಂತಿಲ್ಲ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ನಿಲ್ಲುವುದಿಲ್ಲವೇ, ಹಾಗೆ.

ಹೋದ ವರ್ಷ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಹಾಸಿಗೆ ಹಿಡಿದರು. ಉಡಿ ತುಂಬುವ ಕಾಲ ಬಂದು ಹೋಯಿತು. ಆಗ ಮಲಗಿದಲ್ಲಿಂದಲೇ ಮಾತು ಕೊಟ್ಟರು: "ಗಂಗವ್ವಾ, ನನ್ನ ಕಾಲಿಗೆ ಬಲ ಕೊಡು. ಈ ಸಲ ತವರುಮನ್ಯಾಗಲ್ಲ, ನಿನ್ನ ಗಂಡನ ಮನಿಗೇ ಬಂದು ಉಡಿ ತುಂಬ್ತೀನಿ."

ಹೊಳೆಯ ಗಂಡನ ಮನೆ ಅಂದರೆ ಸಮುದ್ರ.

ದೇವರ ದಯೆ, ಅತ್ತೆ ಎದ್ದರು. ಕೈಯಲ್ಲಿ ಕೋಲು ಬಂದಿತು, ಆದರೂ ನಡೆದರು. ಗಂಗವ್ವ ತನ್ನ ಪಾಲಿನದನ್ನು ಮಾಡಿ ಮುಗಿಸಿದ್ದಳು. ನಮ್ಮ ಪಾಲಿನದು ಬಾಕಿ ಇತ್ತು. ವೈದ್ಯರು ಬೇರೆ, ಈ ಕಾಲನ್ನು ಹೆಚ್ಚು ನಂಬಬೇಡಿರಿ ಎಂದಿದ್ದರು. ಅಂದಿನಿಂದ ಅತ್ತೆಗೆ ಒಂದೇ ಚಿಂತೆ. ಕಾಲು ಮತ್ತೆ ಕೈ ಕೊಡುವ ಮೊದಲು ಸಮುದ್ರ ಮುಟ್ಟಬೇಕು.

ಹೋಗಲು ಅಡ್ಡಿ ಏನು ಎಂದು ಕೇಳುವವರಿಗೆ ನಮ್ಮ ಮನೆ ಗೊತ್ತಿಲ್ಲ. ನಮ್ಮ ಮನೆಗೆ ಬೀಗ ಹಾಕುವ ಪದ್ಧತಿಯೇ ಇಲ್ಲ. ಎರಡು ಹೊತ್ತು ದೇವರ ಮುಂದೆ ದೀಪ ಹತ್ತಬೇಕು. ಒಲೆ ಹೊತ್ತಬೇಕು. ಸೋಮವಾರ ಗಂಟೆ ಬಾರಿಸುತ್ತ ಬರುವ ಅಯ್ಯನವರ ಜೋಳಿಗೆಗೆ ಒಂದು ಹಿಡಿ ಜೋಳ ಬೀಳಬೇಕು. ಅದೂ ಮನೆಯ ಹೆಣ್ಣುಮಗಳ ಕೈಯಿಂದ. ನಾನು ಉಳಿದು ಅತ್ತೆಯನ್ನು ಕಳಿಸೋಣವೆಂದರೆ ಅವರಿಗೆ ಮೆಟ್ಟಿಲಿಗೆ, ಬಚ್ಚಲಿಗೆ ನನ್ನ ಹೆಗಲೇ ಬೇಕು. ಒಮ್ಮೆ ನಾವಿಬ್ಬರೂ ದೋರನಹಳ್ಳಿಯ ಮದುವೆಗೆ ಹೋದಾಗ ದೀಪವನ್ನು ನನ್ನ ಯಜಮಾನರ ಮೇಲೆ ಬಿಟ್ಟಿದ್ದೆವು. ಅವರು ಕ್ರಿಕೆಟ್ ಹಚ್ಚಿದರು, ದೀಪ ಹಚ್ಚಲಿಲ್ಲ. ಆ ಮೇಲೆ ಆ ದಾರಿಯೂ ಮುಚ್ಚಿತು.

ಇಂಥ ಗಂಟನ್ನು ನಾದಿನಿ ಬ್ಯಾಂಕಿನಲ್ಲಿ ಕೂತು ಬಿಚ್ಚಿದ್ದಳು. ಅವಳ ಪಕ್ಕದ ಮೇಜಿನವಳು ಕುಮಟಾ ಕಡೆಯ ಹುಡುಗಿ. ಅವಳ ತಂದೆ ತಾಯಿಗೆ ಊರೊಳಗೆ ಒಂದು ಮನೆ, ಕಡಲ ದಂಡೆಯ ಮೇಲೆ ಹಿರಿಯರ ಕಾಲದ ಇನ್ನೊಂದು ಸಣ್ಣ ಹೆಂಚಿನ ಮನೆ. ರಜೆಗೆ ಬೇರೆ ಊರಿನವರಿಗೆ ಆ ಮನೆ ಕೊಡುವುದು, ಬದಲಿಗೆ ಅವರ ಮನೆಗೆ ತಾವು ಹೋಗಿ ಇದ್ದು ಬರುವುದು, ಬಾಡಿಗೆ ಗೀಡಿಗೆ ಏನಿಲ್ಲ, ಇದು ಅವರಿಗೆ ರೂಢಿಯಂತೆ. ಈ ಸಲ ಅವರಿಗೆ ಒಣ ಹವೆಯ ಊರು ಬೇಕಿತ್ತು. ಆ ಮನೆಯ ಯಜಮಾನರಿಗೆ ಉಬ್ಬಸ. ಕಡಲಿನ ತೇವ ಆಗುವುದಿಲ್ಲ.

"ಒಣಾ ಹವಾ ಅಂದ್ರ ನಮ್ಮೂರನ್ನ ಬಿಟ್ಟು ಎಲ್ಲದರಿ?" ಎಂದಳು ನಾದಿನಿ. "ನಮ್ಮ ಶಹಾಪುರದ ಗುಡ್ಡದ ಫೋಟೋ, ನಿಮ್ಮ ಪಡಸಾಲಿ ಫೋಟೋ, ನಿಮ್ಮ ರೊಟ್ಟಿ ಫೋಟೋ ಎಲ್ಲಾ ಕಳಿಸೀನಿ. ರೊಟ್ಟಿ ನೋಡಿ ಹೂಂ ಅಂದಾರ."

ನಮ್ಮೂರ ಬಿಸಿಲನ್ನು ಬೇಕೆಂದು ಕೇಳಿ ಬರುವವರೂ ಲೋಕದಲ್ಲಿದ್ದಾರೆ ಎಂಬುದು ನನಗೆ ಅಂದೇ ಗೊತ್ತಾದದ್ದು. ಸೀದ ರೊಟ್ಟಿಯನ್ನು ಓಣಿಯ ಆಕಳಿಗೆ ಹಾಕಿ ದೇವರಿಗೆ ಕೈ ಮುಗಿದೆ.

ನಮ್ಮ ಯಜಮಾನರು ಒಪ್ಪಲಿಲ್ಲ. "ಗುರ್ತಿಲ್ಲ ಪರಿಚಯಿಲ್ಲ, ಮನಿ ಕೊಡೂದಂದ್ರ ಹುಡುಗಾಟೇನು? ಹಾಸಗಿ, ಭಾಂಡಿ, ದೇವರು, ಎಲ್ಲಾ ಬಿಟ್ಟು ಹೋಗಬೇಕು!"

ಅತ್ತೆ ಒಂದೇ ಮಾತು ಕೇಳಿದರು: "ಆ ಹೆಣಮಗಳಿಗೆ ದೀಪಾ ಹಚ್ಚಾಕ ಬರ್ತದೇನು?"

ಬರುತ್ತದೋ ಇಲ್ಲವೋ ಎಂದು ಪರೀಕ್ಷಿಸಲು ಫೋನಿನಲ್ಲೇ ಮಾತುಕತೆ ಏರ್ಪಟ್ಟಿತು. ಕನ್ಯೆ ನೋಡಲು ಹೋದವರೂ ಅಷ್ಟು ಕೇಳುವುದಿಲ್ಲ. ಆ ಕಡೆ ಆ ಹುಡುಗಿಯ ತಾಯಿ, ಕಡಲಿನ ಅಕ್ಕ, ಈ ಕಡೆ ನಮ್ಮ ಅತ್ತೆ, ನಡುವೆ ಫೋನು ಹಿಡಿದುಕೊಂಡು ನಾನು.

"ದೀಪಕ್ಕ ಎಣ್ಣಿ ಯಾವ್ದು ಹಾಕ್ತೀ ಯವ್ವಾ?"

"ತೆಂಗಿನೆಣ್ಣೆ ಅಮ್ಮಾ. ತುಳಸಿಗೆ ದಿನಾ ಹಚ್ಚುವುದೇ ಅಲ್ವಾ."

"ತೆಂಗಿನೆಣ್ಣಿ ತಲಿಗೆ ಹಚ್ಚಿಕೋ. ಇಲ್ಲಿ ಕುಸುಬಿ ಎಣ್ಣಿ ಇಟ್ಟಿರ್ತೀವಿ."

"ಆಯ್ತಮ್ಮಾ."

"ಅಯ್ಯನವರು ಬಂದ್ರ ಒಂದು ಹಿಡಿ ಜ್ವಾಳ ನೀಡಬೇಕು. ತಲಿ ಮ್ಯಾಲ ಸೆರಗಿರಬೇಕು."

"ಆಯ್ತಮ್ಮಾ."

ಆ ಮೇಲೆ ಅತ್ತೆ ತಡವರಿಸಿದರು. ದನಿ ಇಳಿಸಿದರು. "ಮತ್ತ ಅಡಗಿ ಮನ್ಯಾಗ... ಅದು ತರಂಗಿಲ್ಲಲ್ಲ?"

"ಎಂತದು?"

"ಅದss... ನೀರಾಗ ಇರ್ತದಲ್ಲ, ಬಾಲದ್ದು."

ಆ ಕಡೆ ಅಕ್ಕ ನಕ್ಕ ನಗುವಿಗೆ ನನ್ನ ಕಿವಿ ಗುಯ್‌ಗುಟ್ಟಿತು. "ಮೀನಾ! ಇಲ್ಲಮ್ಮಾ, ನಿಮ್ಮ ಹೊಸ್ತಿಲು ದಾಟಿ ಒಂದು ಮೀನೂ ಒಳಗೆ ಬರೂದಿಲ್ಲ. ದೇವರಾಣೆ."

ಅತ್ತೆಗೆ ಆಣೆಯ ಮೇಲೆ ನಂಬಿಕೆ. "ಹೆಣಮಗಳು ಚಲೋ ಅದಾಳ," ಎಂದು ತೀರ್ಪು ಕೊಟ್ಟು ಕೋಲೂರಿ ಎದ್ದರು.

ಅವರು ಎದ್ದು ಹೋದ ಮೇಲೆ ಅಕ್ಕ ನನ್ನೊಬ್ಬಳಿಗೇ ಹೇಳಿದರು: "ತಂಗೀ, ನಮ್ಮದೂ ಒಂದೇ ಒಂದು ಕೇಳಿಕೆ. ಅಲ್ಲಿ ಒಂದು ಬೆಕ್ಕುಂಟು. ಅದಕ್ಕೆ ಮೀನಿಲ್ಲದೆ ಆಗೂದಿಲ್ಲ. ನೀವು ಮುಟ್ಟಬೇಡಿ, ಮೀನು ಮಾರೂ ಹೆಂಗಸು ದಿನಾ ಬೆಳಿಗ್ಗೆ ಬಂದು ಅವಳೇ ಹಾಕ್ತಾಳೆ. ನೀವು ಗೇಟು ತೆಗೆದರೆ ಸಾಕು."

ಗೇಟು ತೆಗೆಯುವುದರಲ್ಲಿ ಪಾಪವೇನೂ ನನಗೆ ಕಾಣಲಿಲ್ಲ. "ಬೆಕ್ಕು ಅದಂತರಿ, ಊಟ ಹಾಕಬೇಕಂತ," ಎಂದಷ್ಟೇ ಅತ್ತೆಗೆ ತಿಳಿಸಿದೆ. ಅಷ್ಟು ನಿಜವೇ ಆಗಿತ್ತು.

"ಹಾಕೋಣ. ಹಾಲು ರೊಟ್ಟಿ ಹಾಕೋಣ," ಎಂದರು ಅತ್ತೆ ಉದಾರವಾಗಿ.

ಎಳ್ಳಮಾಸಿ ಹಬ್ಬ ಮುಗಿದ ಮೇಲೆ ಹೊರಟೆವು. ಸೀತನಿಯ ಕಾಲ, ಹೊಲದಲ್ಲಿ ಹಸಿ ಜೋಳದ ತೆನೆ ಸುಟ್ಟು ತಿನ್ನುವ ಸುಖವನ್ನು ಅತಿಥಿಗಳಿಗೆ ಬಿಟ್ಟುಕೊಟ್ಟು ನಾವು ಹೋಗುವುದು ನನಗೆ ಸ್ವಲ್ಪ ಹೊಟ್ಟೆಯುರಿಯೇ ಆಯಿತು. ಕಾರಿನ ಹಿಂದೆ ಖಡಕ್ ರೊಟ್ಟಿಯ ಗಂಟು, ಅದಕ್ಕೆ ನೆಂಚಿಕೊಳ್ಳಲು ಶೇಂಗಾ ಹಿಂಡಿ ಪುಡಿ, ಶೇಂಗಾ ಹೋಳಿಗೆ, ಮತ್ತೆ ಉಡಿಯ ಬುಟ್ಟಿ. ಬುಟ್ಟಿಯನ್ನು ಅತ್ತೆ ಹಿಂದೆ ಇಡಗೊಡಲಿಲ್ಲ. ತೊಡೆಯ ಮೇಲೆಯೇ ಇಟ್ಟುಕೊಂಡರು.

ದಾರಿಯಲ್ಲಿ ಯಜಮಾನರಿಗೆ ಭೂಗೋಳ ನೆನಪಾಯಿತು. "ಅಲ್ಲವ್ವಾ, ನಮ್ಮ ಕೃಷ್ಣಾ ಹೋಗೂದು ಆ ಕಡಿ ಸಮುದ್ರಕ್ಕ, ಆಂಧ್ರದ ದಿಕ್ಕಿಗೆ. ನಾವು ಹೊಂಟಿದ್ದು ಈ ಕಡಿ ಸಮುದ್ರಕ್ಕ. ನಿನ್ನ ಬೀಗರ ಮನಿ ಇದಲ್ಲ."

ಇಷ್ಟೆಲ್ಲ ಆಗಿ ಈಗ ಅತ್ತೆ ಕಾರು ತಿರುಗಿಸು ಅಂದರೆ? ಅತ್ತೆ ತೊಡೆಯ ಮೇಲಿನ ಬುಟ್ಟಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು.

"ದೊಡ್ಡವರ ವಾಡೆಕ್ಕ ಎರಡು ಬಾಗಲ ಇರ್ತಾವು. ಯಾವ ಬಾಗಲದಿಂದ ಹೋದ್ರೂ ಒಳಗ ಒಂದ ಅಂಗಳ. ನೀ ಮುಂದ ನೋಡಿ ಗಾಡಿ ಹೊಡಿ."

ಘಟ್ಟ ಇಳಿಯುವಾಗ ಅವರಿಗೆ ಇನ್ನೊಂದೇ ಸಂದೇಹ ಬಂದಿತು: "ಇಷ್ಟು ಗಿಡಾ ಅದಾವಲ್ಲ, ಇವರು ಜ್ವಾಳ ಎಲ್ಲಿ ಬಿತ್ತತಾರ?"

ಮನೆ ಫೋಟೋದಲ್ಲಿ ಇದ್ದ ಹಾಗೇ ಇತ್ತು. ಹೆಂಚಿನ ಮಾಡು, ನೀಲಿ ಬಾಗಿಲು, ಬೇಲಿಯಾಚೆ ಮರಳು, ಮರಳಿನಾಚೆ ನೀರು. ಫೋಟೋದಲ್ಲಿ ಬಾರದೆ ಇದ್ದದ್ದು ಅದರ ಸದ್ದು ಮತ್ತು ತೇವ. ಡಬ್ಬಿಯ ಉಪ್ಪು ನೀರಾಡಿತ್ತು. ನಮ್ಮ ವಿಭೂತಿ ಗಟ್ಟಿ ಮೆತ್ತಗಿನ ಮುದ್ದೆಯಾಯಿತು. ಮರುದಿನ ಮತ್ತೆ ರೊಟ್ಟಿಯ ಗಂಟು ಬಿಚ್ಚಿದರೆ, ನಮ್ಮೂರಲ್ಲಿ ಮುರಿದರೆ ಓಣಿಗೆಲ್ಲ ಕೇಳುವ ಖಡಕ್ ರೊಟ್ಟಿ ಅಂಗವಸ್ತ್ರದ ಹಾಗೆ ಮಡಚಿಕೊಂಡಿತು.

"ಅಯ್ಯ, ನನ್ನ ರೊಟ್ಟಿ ಸತ್ತು ಹೋಗ್ಯಾವು," ಎಂದರು ಅತ್ತೆ. ಆದರೂ ಬಿಡದೆ ತಿಂದರು. ಹಲ್ಲಿಲ್ಲದ ಬಾಯಿಗೆ ಮೆತ್ತಗಿನ ರೊಟ್ಟಿ ಒಳ್ಳೆಯದೇ ಆಯಿತು. ಅದನ್ನು ಒಪ್ಪಿಕೊಳ್ಳಲಿಲ್ಲ, ಇನ್ನೊಂದು ಕೇಳಿದರು ಅಷ್ಟೆ.

ಬೆಕ್ಕು ಬಿಳಿಯದು, ದಪ್ಪ ತಲೆಯದು. ನಾವು ಹೋದ ಸಂಜೆ ಬಂದು ನಮ್ಮನ್ನು ಒಬ್ಬೊಬ್ಬರನ್ನಾಗಿ ಮೂಸಿತು. ಅತ್ತೆ ತಟ್ಟೆಯಲ್ಲಿ ಹಾಲು ಹಾಕಿ ರೊಟ್ಟಿ ಕಿವುಚಿ ಇಟ್ಟರು. ಬೆಕ್ಕು ತಟ್ಟೆಯನ್ನು ನೋಡಿತು, ಅತ್ತೆಯನ್ನು ನೋಡಿತು, ತಟ್ಟೆಗೆ ಬೆನ್ನು ಹಾಕಿ ಹೊಸ್ತಿಲ ಮೇಲೆ ಕೂತಿತು.

"ಮಾರಿ ಗುರ್ತಿಲ್ಲ, ಅದಕ್ಕ ನಾಚತದ," ಎಂದರು ಅತ್ತೆ.

ನಾನು ಬೆಳಗಿಗಾಗಿ ಕಾದೆ. ಬೆಳಗಾಯಿತು, ಗೇಟು ತೆಗೆದಿಟ್ಟೆ. ಮೀನಿನ ಹೆಂಗಸು ಬರಲಿಲ್ಲ. ಪಕ್ಕದ ಮನೆಯವರನ್ನು ವಿಚಾರಿಸಿದರೆ ಅಣ್ಣನ ಮಗಳ ಮದುವೆಗೆ ಹೋಗಿದ್ದಾಳೆ, ಮಂಗಳವಾರ ಬರುತ್ತಾಳೆ ಎಂದರು. ಅಂದು ಭಾನುವಾರ. ಬೆಕ್ಕು ಹೊಸ್ತಿಲು ಬಿಟ್ಟು ಕದಲಲಿಲ್ಲ. ಒಳಗೆ ಹೋಗುವವರನ್ನೂ ಹೊರಗೆ ಬರುವವರನ್ನೂ ಸಾಲಗಾರರನ್ನು ನೋಡಿದ ಹಾಗೆ ನೋಡುತ್ತ ಕೂತಿತು. ಅತ್ತೆಯ ಕೈಯಲ್ಲಿ ತುತ್ತು ನಿಂತಿತು.

"ಹೊಸ್ತಿಲದಾಗ ಒಂದು ಜೀವ ಉಪಾಸ ಕುಂತದ. ನಾ ಹ್ಯಾಂಗ ಉಣ್ಣಲಿ? ಇದು ಹಾಲು ಯಾಕ ಕುಡ್ಯಾಂಗಿಲ್ಲ?"

ಇನ್ನು ಮುಚ್ಚಿಡುವುದು ಆಗದೆ ಹೇಳಿದೆ. "ಅತ್ತಿ, ಇದು ಇಲ್ಲಿಯ ಬೆಕ್ಕು. ಬಾಲದ್ದು ತಿಂತದ."

ಅತ್ತೆ ಕಿವಿಯ ಮೇಲೆ ಸೆರಗು ಎಳೆದುಕೊಂಡರು. ಆದರೆ ಬೆಕ್ಕಿನಿಂದ ಕಣ್ಣು ತೆಗೆಯಲಿಲ್ಲ. ಆ ಮೇಲೆ ಗೋಡೆಯ ಕಡೆ ಮುಖ ಮಾಡಿ, ಯಾರಿಗೂ ಹೇಳದಂತೆ ಹೇಳಿದರು: "ಪ್ಯಾಟ್ಯಾಗ ಸಿಗತಾವಲ್ಲ."

ಯಜಮಾನರು ಸಮುದ್ರಕ್ಕೆ ಬಿದ್ದವರಂತೆ ಕೈ ಬೀಸಿದರು. "ನನಗ ಹೇಳಬ್ಯಾಡ್ರಿ! ಹಣಿ ಮ್ಯಾಲ ವಿಭೂತಿ ಹಚ್ಚಿಕೊಂಡು ಮೀನಾ ಚೌಕಾಶಿ ಮಾಡ್ಲೇನು? ನಮ್ಮೂರವರು ಯಾರರ ನೋಡಿದ್ರಂದ್ರ ಅಂಗಡಿ ಮುಚ್ಚಬೇಕು."

"ಇಲ್ಲಿ ನಮ್ಮೂರವರು ಯಾರು ಬರ್ತಾರ್ರಿ?"

"ಬರ್ತಾರ. ಅಂಥ ಹೊತ್ತಿಗೇ ಬರ್ತಾರ."

ಕಡೆಗೆ ಯಾರೂ ಹೋಗಲಿಲ್ಲ. ಬೆಕ್ಕಿನ ಉಪವಾಸಕ್ಕೆ ಜೊತೆಯಾಗಿ ಅತ್ತೆಯೂ ಆ ರಾತ್ರಿ ಬರೀ ಹಾಲು ಕುಡಿದು ಮಲಗಿದರು.

ಸೋಮವಾರ ಬೆಳಿಗ್ಗೆ ಅತ್ತೆ ಸ್ನಾನ ಮಾಡಿ, ಪೂಜೆ ಮುಗಿಸಿ, ಇಲಕಲ್ ಸೀರೆ ಉಟ್ಟರು. ಬೀಗರ ಮನೆಗೆ ಹೋಗುವಾಗ ಉಡುವ ಸೀರೆ. ಬುಟ್ಟಿಯಲ್ಲಿ ಉಡಿಯ ಸಾಮಾನು ಜೋಡಿಸಿ ಮೇಲೆ ಎರಡು ಹೋಳಿಗೆ ಇಟ್ಟೆವು. ಒಂದು ಕಡೆ ಕೋಲು, ಇನ್ನೊಂದು ಕಡೆ ನಾನು. ಮರಳಲ್ಲಿ ಕೋಲು ಹೂತುಹೋಗುತ್ತಿತ್ತು, ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಂಡರು. ಯಜಮಾನರು ಮುಂದೆ, ಬೆಕ್ಕು ಹಿಂದೆ.

ನೀರಿನ ಅಂಚಿಗೆ ಬಂದೆವು. ಇಷ್ಟು ದೊಡ್ಡ ನೀರನ್ನು ಅವರು ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಅಲೆ ಬಂದು ಅವರ ಪಾದ ತೊಳೆದು ಹೋಯಿತು. ಅತ್ತೆ ಬಾಗಿ, ಅಲೆಯ ಗಲ್ಲ ಮುಟ್ಟಿ ಲಟಿಗೆ ಮುರಿದವರಂತೆ ಮಾಡಿ, "ಹ್ಯಾಂಗ ಅದೀಯವ್ವಾ?" ಎಂದು ಕೇಳಿದರು.

ಅರಿಷಿಣ ಕುಂಕುಮ ಏರಿಸಿ ಬುಟ್ಟಿಯನ್ನು ನೀರಿಗೆ ಬಿಟ್ಟೆವು. ಅಲೆ ಅದನ್ನು ಒಳಗೆ ಎಳೆದುಕೊಂಡಿತು. ಅತ್ತೆ ಕೈ ಮುಗಿದು, ಕಣ್ಣಿಗೆ ಮರೆಯಾಗಲಿ ಎಂದು ನೋಡುತ್ತ ನಿಂತರು.

ಬುಟ್ಟಿ ತಿರುಗಿತು. ಅಲೆಯ ನೆತ್ತಿ ಏರಿತು. ನೇರವಾಗಿ ಬಂದು ಅತ್ತೆಯ ಕಾಲಿಗೆ ಬಡಿದು ನಿಂತಿತು.

ಹೊಳೆಯ ದಂಡೆಯವರಿಗೆ ನೀರು ಎಂದರೆ ಒಯ್ಯುವುದು. ನೀರು ತಂದು ಕೊಡುತ್ತದೆ ಎಂಬುದು ನಮಗೆ ಯಾರಿಗೂ ಗೊತ್ತಿರಲಿಲ್ಲ.

"ಕೈ ಜೋರು ಸಾಲಲಿಲ್ಲ," ಎಂದು ಯಜಮಾನರು ಪ್ಯಾಂಟು ಮಡಚಿ ಮೊಣಕಾಲಿನವರೆಗೆ ಇಳಿದು ನೂಕಿದರು. ಬುಟ್ಟಿ ಹೋದಂತೆ ಮಾಡಿ ಮತ್ತೆ ಬಂದಿತು. ಈ ಸಲ ಅವರು ಛಲಕ್ಕೆ ಬಿದ್ದು ಇನ್ನೂ ಮುಂದೆ ಹೋಗಿ ಎರಡೂ ಕೈಯಿಂದ ಎಸೆದರು. ಹಿಂದೆಯೇ ದೊಡ್ಡದೊಂದು ಅಲೆ ಬಂದು ಬುಟ್ಟಿಯನ್ನೂ ಯಜಮಾನರನ್ನೂ ಒಟ್ಟಿಗೇ ಮಗುಚಿ, ಇಬ್ಬರನ್ನೂ ತಂದು ದಂಡೆಗೆ ಹಾಕಿತು. ಯಜಮಾನರ ಬಾಯಲ್ಲಿ ಉಪ್ಪುನೀರು, ಕಿವಿಯಲ್ಲಿ ಮರಳು. ಅವರಿಗೆ ಏನೂ ಆಗಿಲ್ಲ ಎಂದು ಖಾತ್ರಿಯಾದ ಮೇಲೆ ನನಗೆ ನಗು ಬಂದಿತು. ತಿರುಗಿ ಅತ್ತೆಯನ್ನು ನೋಡಿದೆ. ನಗು ನಿಂತಿತು.

ಅವರು ಮರಳ ಮೇಲೆ ಕೂತುಬಿಟ್ಟಿದ್ದರು.

"ಬ್ಯಾಡ ಬಿಡು, ನೂಕಬ್ಯಾಡ," ಎಂದರು. "ಬೀಗರು ಬಾಗಲಾಗಿಂದನ ಹೊಳ್ಳಿ ಕಳಿಸಾಕತ್ತಾರ. ತಡಾ ಮಾಡಿದ್ದಕ್ಕ ಸಿಟ್ಟಾಗ್ಯಾರ. ನನ್ನ ಉಡಿ ಒಲ್ಲೆ ಅಂದಾರ."

ಆ ಮುಖ ನನಗೆ ಹಾಸಿಗೆ ಹಿಡಿದ ದಿನಗಳನ್ನು ನೆನಪಿಗೆ ತಂದಿತು. ಇಷ್ಟು ದೂರ ಬಂದು ಹೀಗೇ ಹಿಂದಿರುಗಿದರೆ ಇವರ ಕಾಲು ಇನ್ನೊಮ್ಮೆ ಏಳುವುದಿಲ್ಲ ಎನ್ನಿಸಿತು. ಹೆದರಿಕೆಯಿಂದಲೇ ಹೋಗಿ ಬುಟ್ಟಿಯನ್ನು ಎತ್ತಿ ನೋಡಿದೆ. ಕಾಯಿ ಇರಲಿಲ್ಲ. ಅಕ್ಕಿ ಇರಲಿಲ್ಲ. ಉತ್ತತ್ತಿ, ಎಲೆ ಅಡಿಕೆ, ಹೋಳಿಗೆ ಒಂದೂ ಇರಲಿಲ್ಲ. ಬಿದಿರಿಗೆ ಸಿಕ್ಕಿಕೊಂಡು ಖಣ ಮಾತ್ರ ಉಳಿದಿತ್ತು.

"ಅತ್ತಿ, ಇಲ್ನೋಡ್ರಿ. ಉಡಿ ಎಲ್ಲಾ ಇಟ್ಟುಕೊಂಡಾರ. ಬುಟ್ಟಿ ಅಷ್ಟ ಕೊಟ್ಟಾರ."

"ಖರೇನ?"

"ನೀವ ನೋಡ್ರಿ." ಬುಟ್ಟಿಯನ್ನು ಅವರ ಮುಂದೆ ಇಟ್ಟೆ. ಖಣದ ಮಡಿಕೆ ಅಲುಗಾಡಿತು. ಬೆರಳುದ್ದದ ಬೆಳ್ಳಿಯಂಥ ಎರಡು ಮೀನು ಅದರೊಳಗೆ ಚಟಪಟ ಎನ್ನುತ್ತಿದ್ದವು.

"ಶಿವ ಶಿವಾ!" ಅತ್ತೆ ಸೆರಗು ಬಾಯಿಗೆ ಒತ್ತಿ ಹಿಂದಕ್ಕೆ ಸರಿದರು. ಯಜಮಾನರು ನೀರು ಸೋರುತ್ತಲೇ ದೂರ ಹಾರಿದರು. ನಾನು ಅವನ್ನು ನೀರಿಗೆ ಬಿಡಲು ಬುಟ್ಟಿ ಎತ್ತಬೇಕು, ಅಷ್ಟರಲ್ಲಿ ಬಿಳಿಯದೊಂದು ನನ್ನ ಕೈ ಕೆಳಗಿನಿಂದ ನುಗ್ಗಿತು. ಎರಡು ದಿನದ ಉಪವಾಸ ಒಂದೇ ನೆಗೆತಕ್ಕೆ ಮುರಿಯಿತು.

ಬೆಕ್ಕು ತಿಂದು ಮುಗಿಸಿ, ಮೀಸೆ ಒರೆಸಿ, ಅತ್ತೆಯ ಸೀರೆಯ ಅಂಚಿಗೆ ಬೆನ್ನು ತೀಡಿತು. ಅತ್ತೆ ಸರಿಯಲಿಲ್ಲ. ಬುಟ್ಟಿಯನ್ನು ನೋಡಿದರು, ಸಮುದ್ರವನ್ನು ನೋಡಿದರು. ಮೊದಲು ಹೊಟ್ಟೆ ಅಲುಗಿತು, ಆ ಮೇಲೆ ಭುಜ.

ನಮ್ಮ ಕಡೆ ಒಂದು ಪದ್ಧತಿ ಇದೆ. ಮಗಳ ಮನೆಗೆ ಬುತ್ತಿ ಒಯ್ದರೆ, ಬೀಗರು ಆ ಬುಟ್ಟಿಯನ್ನು ಖಾಲಿ ಹಿಂದಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿಯೇ ಕೊಡುತ್ತಾರೆ. ಬುಟ್ಟಿ ತುಂಬಿ ಬಂದಿತೆಂದರೆ ಮಗಳು ಅಲ್ಲಿ ಚೆನ್ನಾಗಿದ್ದಾಳೆ, ಮರ್ಯಾದೆಯಿಂದ ಇದ್ದಾಳೆ ಎಂದು ಲೆಕ್ಕ.

"ಖಾಲಿ ಕೊಟ್ಟಿಲ್ಲ ನೋಡವ್ವಾ," ಎಂದರು ಅತ್ತೆ, ನಗು ತಡೆಯಲಾರದೆ. "ಬೀಗರು ತಮ್ಮ ಮನ್ಯಾಗ ಏನದನೋ ಅದನ್ನ ಹಾಕಿ ಕೊಟ್ಟಾರ. ಪಾಪ, ನಾವು ಉಣ್ಣಂಗಿಲ್ಲ ಅಂತ ಅವರಿಗೇನು ಗೊತ್ತು?"

"ಬೆಕ್ಕಿಗಾಗ್ಯರ ಕೊಟ್ಟಿರಬೇಕ್ರಿ."

"ಅದೂ ಖರೇನ. ಹೊಸ್ತಿಲದಾಗ ಉಪಾಸ ಕುಂತದ್ದು ಗಂಗವ್ವಗ ಕಾಣಲಿಲ್ಲೇನು?" ಎಂದು ಕೈ ಚಾಚಿದರು. "ಎಬ್ಬಸು ನನ್ನ."

ಬುಟ್ಟಿ ಕಣ್ಣಿಗೆ ಮರೆಯಾಗುವ ತನಕ ನಿಲ್ಲುವ ಪ್ರಶ್ನೆ ಉಳಿಯಲಿಲ್ಲ. ಬುಟ್ಟಿ ನನ್ನ ಸೊಂಟದ ಮೇಲೇ ಇತ್ತು. ಹೋಗುವಾಗ ಹೆಜ್ಜೆಗೊಮ್ಮೆ ನಿಂತಿದ್ದ ಅತ್ತೆ ಬರುವಾಗ ಬೇಲಿಯವರೆಗೂ ನಿಲ್ಲದೆ ನಡೆದರು.

ಅಂದೇ ಮಧ್ಯಾಹ್ನ ಶಹಾಪುರದಿಂದ ಅಕ್ಕನ ಫೋನು. "ತಂಗೀ, ನಿಮ್ಮ ಅಯ್ಯನವರು ಬಂದಿದ್ದರು. ಒಂದೇ ಹಿಡಿ ಜೋಳ ಕೊಟ್ಟು ಕಳಿಸೂದು ನನಗೆ ನಾಚಿಕೆ ಆಯ್ತು. ಬಿಸಿಲಲ್ಲಿ ಬಂದಿದ್ದಾರೆ ಅಂತ ಕಟ್ಟೆಯಲ್ಲಿ ಕೂರಿಸಿ ಮುರುಗಲು ಹಣ್ಣಿನ ಪಾನಕ ಮಾಡಿಕೊಟ್ಟೆ. ಎರಡು ಲೋಟ ಕುಡಿದರು. ತಪ್ಪಾಯ್ತಾ?"

ನಾನು ಅತ್ತೆಯ ಕಡೆ ನೋಡಿದೆ. ಬೇರೆ ದಿನವಾಗಿದ್ದರೆ ಇದಕ್ಕೆ ಒಂದು ಸಭೆಯೇ ಕೂಡುತ್ತಿತ್ತು.

"ತಪ್ಪೇನದ? ಬಾಯಾರಿದವರಿಗೆ ನೀರು ಕೊಟ್ಟಾಳ," ಎಂದುಬಿಟ್ಟರು ಅತ್ತೆ. "ದೀಪಾ ಕೇಳು."

ದೀಪ ಎರಡು ಹೊತ್ತೂ ಉರಿಯುತ್ತಿತ್ತು. ಕುಸುಬಿ ಎಣ್ಣೆಯದೇ.

ವಾರ ಮುಗಿಸಿ ಊರಿಗೆ ಬಂದಾಗ ಅಕ್ಕ ಮತ್ತು ಅವರ ಯಜಮಾನರು ಆಗಲೇ ಹೊರಟುಹೋಗಿದ್ದರು. ಆ ಒಂದು ಹೊತ್ತಿನ ದೀಪಕ್ಕೆ ನಾದಿನಿ ಯಾದಗಿರಿಯಿಂದ ಬಂದು ಕೂತಿದ್ದಳು, ಗೆದ್ದವಳ ಮುಖ ಮಾಡಿಕೊಂಡು. ಮನೆ ನಾನು ಬಿಟ್ಟದ್ದಕ್ಕಿಂತ ಚೊಕ್ಕಟವಾಗಿತ್ತು. ಉಬ್ಬಸದ ಯಜಮಾನರು ವಾರವಿಡೀ ನಿದ್ದೆ ಮಾಡಿದರಂತೆ, ಸುರಪುರದ ಕೋಟೆ ಗುಡ್ಡವನ್ನೂ ಹತ್ತಿ ಬಂದರಂತೆ. ಅಡುಗೆಮನೆಯ ಮೂಲೆ ಮೂಲೆಯನ್ನೂ ಅತ್ತೆ ಮೂಸಿದರು. ಏನೂ ಸಿಗಲಿಲ್ಲ.

ಸಿಕ್ಕಿದ್ದು ಎದುರು ಮನೆಯಾಕೆಯಿಂದ. ಸಂಜೆ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತಳು. "ಅಲ್ಲರಿ ವೈನಿ, ಬಂದ ಬೀಗರನ್ನ ಕಾರಾಗ ಕೂಡಿಸಿ ಉಣ್ಣಾಕ ಹಚ್ಚೀರೇನ್ರಿ? ದಿನಾ ಮಧ್ಯಾಹ್ನ ಗಂಡಾ ಹೆಣತಿ ಗೇಟಿನ ಹೊರಗ, ಕಾರಿನ ಗಾಜು ಏರಿಸಿಕೊಂಡು, ಡಬ್ಬಿ ಬಿಚ್ಚಿ ಉಣ್ಣತಿದ್ರು. ನೋಡಿ ನಮಗ ಕೆಟ್ಟನಸ್ತು."

ನನಗೆ ಒಂದು ಕ್ಷಣ ತಿಳಿಯಲಿಲ್ಲ. ಆ ಮೇಲೆ ಆ ಆಣೆ ನೆನಪಾಯಿತು: ನಿಮ್ಮ ಹೊಸ್ತಿಲು ದಾಟಿ ಒಂದು ಮೀನೂ ಒಳಗೆ ಬರುವುದಿಲ್ಲ. ಪುಣ್ಯಾತ್ಗಿತ್ತಿ, ಅಕ್ಷರಕ್ಕೆ ಅಕ್ಷರ ಮಾತು ನಡೆಸಿದ್ದಳು. ಊರಿಂದ ತಂದ ಒಣಮೀನನ್ನು ಶಹಾಪುರದ ಬಿಸಿಲಲ್ಲಿ ಗಾಜು ಮುಚ್ಚಿದ ಕಾರಿನೊಳಗೆ ಕೂತು ತಿಂದಿದ್ದರು. ಅವರ ಒಣ ಹವೆಯ ಆಸೆ ಆ ಕಾರಿನಲ್ಲೇ ಪೂರ್ತಿ ತೀರಿರಬೇಕು.

"ಅವರ ಕಡಿ ಪದ್ಧತಿ ಹಂಗದರಿ," ಎಂದು ಎದುರು ಮನೆಯಾಕೆಗೆ ಹೇಳಿ ಕಳಿಸಿದೆ. ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದ ಅತ್ತೆಗೆ ಅರ್ಥವಾಯಿತೋ ಇಲ್ಲವೋ ನಾನು ಕೇಳಲಿಲ್ಲ. ಅವರು ಸೆರಗಿನಿಂದ ಬಾಯಿ ಒರೆಸಿಕೊಂಡು, "ಮಾತು ಉಳಿಸೂ ಹೆಣಮಗಳು," ಎಂದಷ್ಟೇ ಅಂದರು.

ಮುಂದಿನ ಸೋಮವಾರ ಅಯ್ಯನವರು ಬಂದರು. ಜೋಳಿಗೆಗೆ ಜೋಳ ಬಿತ್ತು. ಗಂಟೆ ನಿಂತಿತು. ಅವರು ನಿಂತೇ ಇದ್ದರು.

"ಏನು ಬೇಕ್ರಿ ಅಯ್ಯನವರೇ?"

"ಏನಿಲ್ಲ ತಾಯಿ," ಎಂದು ಕಟ್ಟೆಯ ಕಡೆ ನೋಡಿದರು. "ಆ ಕೆಂಪನ ಪಾನಕ ಮುಗೀತೇನು?"

ಮುಗಿದಿರಲಿಲ್ಲ. ಅಕ್ಕ ಒಂದು ಸ್ಟೀಲಿನ ಡಬ್ಬಿಯ ತುಂಬ ಒಣಗಿದ ಮುರುಗಲು ಸಿಪ್ಪೆ ಬಿಟ್ಟು ಹೋಗಿದ್ದರು. ನೆನೆಸಿ, ಬೆಲ್ಲ ಹಾಕಿ ಕೊಟ್ಟೆ. ಅಯ್ಯನವರು ಕುಡಿದು, ಬಾಯಿ ಚಪ್ಪರಿಸಿ, ಎಂದಿಗಿಂತ ಉದ್ದ ಆಶೀರ್ವಾದ ಮಾಡಿದರು. ಅದೂ ಬಂದದ್ದು ಬಂದಿತು, ನಾನು ಬೇಡವೆನ್ನಲಿಲ್ಲ.

ಉಳಿದ ಸಿಪ್ಪೆಯನ್ನು ಗಾಜಿನ ಭರಣಿಗೆ ಸುರಿದೆ. ಡಬ್ಬಿಯನ್ನು ನಾದಿನಿಯ ಕೈಯಲ್ಲಿ ಯಾದಗಿರಿಗೆ ಕಳಿಸಿದರೆ ಪಕ್ಕದ ಮೇಜಿನ ಹುಡುಗಿ ಊರಿಗೆ ಒಯ್ಯುತ್ತಾಳೆ. ತೊಳೆದು ಒರೆಸಿ ಚೀಲಕ್ಕೆ ಹಾಕುತ್ತಿದ್ದೆ. ಅಂಗಳದಲ್ಲಿ ಉಡಿಯ ಬುಟ್ಟಿಯನ್ನು ಬಿಸಿಲಿಗೆ ಕೊಡವುತ್ತಿದ್ದ ಅತ್ತೆ ಕೋಲಿನಿಂದ ಬಾಗಿಲು ತಟ್ಟಿದರು. ಬುಟ್ಟಿಯಿಂದ ಇನ್ನೂ ಮರಳು ಉದುರುತ್ತಲೇ ಇತ್ತು.

"ಏ ಹುಡುಗಿ, ಖಾಲಿ ಡಬ್ಬಿ ಕಳಸ್ತೀಯೇನು? ಸಮುದ್ರಕ್ಕಿದ್ದ ರೀತಿ ನಮಗಿಲ್ಲೇನು?"

ಡಬ್ಬಿಯನ್ನು ಚೀಲದಿಂದ ಹೊರಗೆ ತೆಗೆದೆ. ಒಲೆ ಹೊತ್ತಿಸಿ, ಹಂಚು ಇಟ್ಟು, ಹಿಂಡಿ ಕುಟ್ಟುವುದಕ್ಕೆಂದು ಶೇಂಗಾ ಹುರಿಯಲು ಕುಳಿತೆ.